ಜಾಲತಾಣಕ್ಕೊಂದು ಸ್ವಂತ ಕಿಟಕಿ

ಇಂದಿನ ವಿದ್ಯಾರ್ಥಿಯ ಕಂಪ್ಯೂಟರಿನ ತೆರೆಯನ್ನು ಯಾವ ಸಂಜೆಯಾದರೂ ಒಮ್ಮೆ ಇಣುಕಿ ನೋಡಬಹುದು. ಬ್ರೌಸರಿನ ನೆತ್ತಿಯ ಮೇಲೆ ಹತ್ತು ಹದಿನೈದು ಟ್ಯಾಬುಗಳು ಒತ್ತೊತ್ತಾಗಿ ಕುಳಿತಿರುವುವು. ಒಂದರಲ್ಲಿ ಕಾಲೇಜಿನ ಪಾಠದ ತಾಣ, ಇನ್ನೊಂದರಲ್ಲಿ ಮಿಂಚಂಚೆ, ಮತ್ತೊಂದರಲ್ಲಿ ನಿಘಂಟು. ನಡುವೆ ಎಲ್ಲಿಯೋ ಕ್ರಿಕೆಟ್ ಪಂದ್ಯದ ಲೆಕ್ಕ, ಅದರ ಮಗ್ಗುಲಲ್ಲಿ ನಿನ್ನೆ ತೆರೆದು ಮರೆತ ಯಾವುದೋ ಚಲನಚಿತ್ರದ ಹಾಡು. ಬೇಕಾದುದು ನಿಘಂಟು, ಬೆರಳು ಒತ್ತಿದ್ದು ಪಂದ್ಯವನ್ನು. ಅಲ್ಲಿಗೆ ಅರ್ಧ ಗಂಟೆ ಕಳೆದುಹೋಯಿತು. ಸಂತೆಯ ನಡುವೆ ಕುಳಿತು ಲೆಕ್ಕ ಬಿಡಿಸಲು ಹೊರಟವನ ಪಾಡು ಇದು.

ಈ ಸಂತೆಯಿಂದ ನಮಗೆ ನಿತ್ಯವೂ ಬೇಕಾದ ಒಂದೆರಡು ತಾಣಗಳನ್ನು ಎತ್ತಿ ಹೊರಗಿಟ್ಟು, ಅವಕ್ಕೆ ಪ್ರತ್ಯೇಕವಾದ ಕಿಟಕಿ, ಪ್ರತ್ಯೇಕವಾದ ಐಕಾನು, ಡೆಸ್ಕ್‌ಟಾಪಿನ ಮೇಲೆ ಪ್ರತ್ಯೇಕವಾದ ಸ್ಥಾನ ಇವನ್ನು ಕೊಡುವಂತಿದ್ದರೆ ಹೇಗೆ? ಕೊಡಬಹುದು. ಹಣ ಬೇಕಿಲ್ಲ; ಅರ್ಧ ನಿಮಿಷ ಸಾಕು. ಆಗ ನಿಘಂಟನ್ನು ತೆರೆದರೆ ನಿಘಂಟು ಮಾತ್ರವೇ ತೆರೆದುಕೊಳ್ಳುವುದು. ಸುತ್ತಲೂ ಟ್ಯಾಬುಗಳಿಲ್ಲ, ಮೇಲೆ ವಿಳಾಸದ ಪಟ್ಟಿಯಿಲ್ಲ. ನೋಡಿದವರು ಅದನ್ನು ಜಾಲತಾಣವೆಂದು ಹೇಳಲಾರರು. ಯಾವುದೋ ತಂತ್ರಾಂಶವನ್ನು ತಂದು ಹಾಕಿಕೊಂಡಿದ್ದಾರೆಂದೇ ತಿಳಿಯುವರು.

ಆದರೆ ಇಲ್ಲಿಯೇ ಒಂದು ಪ್ರಶ್ನೆ ತಲೆಯೆತ್ತುವುದು. ಡೆಸ್ಕ್‌ಟಾಪಿನ ಮೇಲೆ ಎರಡು ಐಕಾನುಗಳು ಅಕ್ಕಪಕ್ಕದಲ್ಲಿವೆ. ಒಂದು ಕಂಪ್ಯೂಟರಿನೊಳಗೆ ನಿಜವಾಗಿಯೂ ನೆಲೆಸಿರುವ ತಂತ್ರಾಂಶ. ಇನ್ನೊಂದು ನಾವು ಈಗತಾನೆ ವೇಷ ಹಾಕಿಸಿದ ಜಾಲತಾಣ. ನೋಟಕ್ಕೆ ಎರಡೂ ಒಂದೇ. ಪರೀಕ್ಷೆಯ ಹಿಂದಿನ ರಾತ್ರಿ ಅಂತರಜಾಲದ ಸಂಪರ್ಕ ಕಡಿದುಹೋದರೆ ಇವುಗಳಲ್ಲಿ ಯಾವುದು ಕೈ ಹಿಡಿಯುವುದು, ಯಾವುದು ಕೈ ಬಿಡುವುದು? ವರ್ಷವೆಲ್ಲ ಬರೆದಿಟ್ಟ ಟಿಪ್ಪಣಿಗಳು ಯಾವುದರಲ್ಲಿ ಭದ್ರವಾಗಿರುವುವು? ಇದಕ್ಕೆ ಉತ್ತರವು ಕಿಟಕಿಯನ್ನು ನೋಡಿದರೆ ಸಿಕ್ಕುವುದಿಲ್ಲ. ಕಿಟಕಿಯ ಹಿಂದೆ ಏನಿದೆ ಎಂಬುದನ್ನು ನೋಡಬೇಕು. ಆ ಕೆಲಸವನ್ನು ನಾವು ಈ ಲೇಖನದಲ್ಲಿ ಕ್ರಮವಾಗಿ ಮಾಡೋಣ.

ಚಿತ್ರವಲ್ಲ, ಅಡುಗೆಯ ವಿಧಾನ

ಜಾಲಪುಟವೆಂದರೆ ದೂರದ ಯಂತ್ರವೊಂದರಿಂದ ನಮ್ಮಲ್ಲಿಗೆ ಬಂದ ಚಿತ್ರವೆಂದು ಹಲವರ ಭಾವನೆ. ಅದು ಸರಿಯಲ್ಲ. ಸರ್ವರ್ ಎಂಬ ಆ ದೂರದ ಯಂತ್ರವು ಕಳುಹಿಸುವುದು ಬಹುಮಟ್ಟಿಗೆ ಬರಿಯ ಬರವಣಿಗೆಯನ್ನು. ಅದರಲ್ಲಿ ಮೂರು ಭಾಷೆಗಳಿರುವುವು. ಎಚ್‌ಟಿಎಮ್‌ಎಲ್ ಎಂಬ ಭಾಷೆಯು ‘ಇದು ತಲೆಬರಹ, ಇದು ಪರಿಚ್ಛೇದ, ಇದು ಗುಂಡಿ’ ಎಂದು ಹೇಳುವುದು. ಸಿಎಸ್‌ಎಸ್ ಎಂಬುದು ‘ತಲೆಬರಹ ಇಷ್ಟು ದೊಡ್ಡದಾಗಿರಲಿ, ಗುಂಡಿಯ ಬಣ್ಣ ನೀಲಿಯಾಗಿರಲಿ’ ಎನ್ನುವುದು. ಮೂರನೆಯದಾದ ಜಾವಾಸ್ಕ್ರಿಪ್ಟ್ ‘ಗುಂಡಿಯನ್ನು ಒತ್ತಿದಾಗ ಹೀಗೆ ಮಾಡು’ ಎಂದು ಆಜ್ಞಾಪಿಸುವುದು. ಈ ಬರಹವನ್ನು ಓದಿಕೊಂಡು ಪುಟವನ್ನು ತೆರೆಯ ಮೇಲೆ ಸಿದ್ಧಪಡಿಸುವವನು ಬ್ರೌಸರ್. ಬಂದದ್ದು ಅಡುಗೆಯಲ್ಲ, ಅಡುಗೆಯ ವಿಧಾನ. ಬಾಣಸಿಗನು ನಮ್ಮ ಮನೆಯಲ್ಲಿಯೇ ಇರುವನು.

ಈ ಏರ್ಪಾಡು ಭೌತವಿಜ್ಞಾನದ ಪ್ರಯೋಗಶಾಲೆಯೊಂದರಲ್ಲಿ ಹುಟ್ಟಿತೆಂಬುದು ನಮ್ಮಂಥ ಭೌತಶಾಸ್ತ್ರದ ಅಧ್ಯಾಪಕರಿಗೆ ಹೆಮ್ಮೆಯ ಸಂಗತಿ. ಜಿನೀವಾ ನಗರದ ಬಳಿ ಇರುವ ಸರ್ನ್ ಸಂಸ್ಥೆಯಲ್ಲಿ ನಾನಾ ದೇಶಗಳ ವಿಜ್ಞಾನಿಗಳು ನಾನಾ ಬಗೆಯ ಕಂಪ್ಯೂಟರುಗಳನ್ನು ಬಳಸುತ್ತಿದ್ದರು. ಒಬ್ಬರ ಬರಹ ಇನ್ನೊಬ್ಬರಿಗೆ ಸುಲಭವಾಗಿ ದೊರೆಯುತ್ತಿರಲಿಲ್ಲ. ಅಲ್ಲಿ ಕೆಲಸದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ೧೯೮೯ರ ಮಾರ್ಚಿಯಲ್ಲಿ ಇದಕ್ಕೊಂದು ಪರಿಹಾರವನ್ನು ಸೂಚಿಸಿದರು. ೧೯೯೦ರ ಕೊನೆಯ ವೇಳೆಗೆ ಮೊದಲನೆಯ ಬ್ರೌಸರನ್ನೂ ಮೊದಲನೆಯ ಸರ್ವರನ್ನೂ ತಾವೇ ರಚಿಸಿ ನಡೆಸಿ ತೋರಿಸಿದರು. ೧೯೯೩ರ ಏಪ್ರಿಲ್ ೩೦ರಂದು ಸರ್ನ್ ಸಂಸ್ಥೆಯು ಈ ತಂತ್ರವನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟಿತು.

ಬರ್ನರ್ಸ್-ಲೀ ಅವರ ಪುಟಗಳು ಓದುವುದಕ್ಕಾಗಿ ಇದ್ದ ಪುಟಗಳು. ೧೯೯೫ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟನ್ನು ರಚಿಸಿದ ಮೇಲೆ ಪುಟಗಳು ಕೆಲಸ ಮಾಡಲೂ ಕಲಿತವು. ೨೦೦೪ರಲ್ಲಿ ಗೂಗಲ್ ಕಂಪನಿಯ ಜಿಮೇಲ್, ೨೦೦೫ರಲ್ಲಿ ಅದೇ ಕಂಪನಿಯ ಭೂಪಟಗಳು ಬಂದುವು. ಭೂಪಟವನ್ನು ಬೆರಳಿನಿಂದ ಎಳೆದಂತೆ ಎಳೆಯಬಹುದು. ಎಳೆದಷ್ಟೂ ಹೊಸ ಪ್ರದೇಶ ತೆರೆಯುತ್ತ ಹೋಗುವುದು. ಪುಟವನ್ನು ಮೊದಲಿನಿಂದ ತರಿಸಬೇಕಾಗಿಲ್ಲ. ಇದು ಓದುವ ಪುಟವಲ್ಲ, ದುಡಿಯುವ ತಂತ್ರಾಂಶ. ಕೆಲಸದಲ್ಲಿ ಪುಟಕ್ಕೂ ತಂತ್ರಾಂಶಕ್ಕೂ ಇದ್ದ ಅಂತರ ಹೀಗೆ ಕಿರಿದಾಗುತ್ತ ಬಂದಿತು. ಉಳಿದದ್ದು ವೇಷದ ಅಂತರ: ಸುತ್ತಲೂ ಇದ್ದ ಬ್ರೌಸರಿನ ಚೌಕಟ್ಟು.

ಚೌಕಟ್ಟನ್ನು ಕಳಚಿದವರು

ಆ ಚೌಕಟ್ಟನ್ನು ಕಳಚಿ ಹಾಕಿದರೇನು ಎಂಬ ಆಲೋಚನೆ ೨೦೦೭ರಲ್ಲಿ ಎರಡು ಕಡೆ ಫಲಕ್ಕೆ ಬಂದಿತು. ಫೈರ್‌ಫಾಕ್ಸ್ ಬ್ರೌಸರನ್ನು ರಚಿಸುವ ಮೊಜಿಲ್ಲಾ ಸಂಸ್ಥೆಯವರು ಪ್ರಿಸಮ್ ಎಂಬ ಸಾಧನವನ್ನು ಹೊರತಂದರು. ಆ್ಯಪಲ್ ಕಂಪ್ಯೂಟರುಗಳಿಗಾಗಿ ಟಾಡ್ ಡಿಚೆನ್‌ಡಾರ್ಫ್ ಎಂಬವರು ಫ್ಲೂಯಿಡ್ ಎಂಬುದನ್ನು ರಚಿಸಿದರು. ಎರಡೂ ಮಾಡುತ್ತಿದ್ದುದು ಒಂದೇ: ನಾವು ಕೊಟ್ಟ ವಿಳಾಸದ ತಾಣವನ್ನು ಮಾತ್ರವೇ ತೋರಿಸುವ ಪುಟ್ಟದೊಂದು ಬ್ರೌಸರನ್ನು ಸೃಷ್ಟಿಸಿ, ಅದಕ್ಕೊಂದು ಹೆಸರನ್ನೂ ಐಕಾನನ್ನೂ ಕೊಡುವುದು. ಇಂಥವುಗಳಿಗೆ ‘ಒಂದೇ ತಾಣದ ಬ್ರೌಸರ್’ ಎಂಬ ಅರ್ಥದ ಹೆಸರು ಬಳಕೆಗೆ ಬಂದಿತು.

ಅಂದಿನ ಕಾಲದಲ್ಲಿ ಇದಕ್ಕೆ ಅಂದಚಂದಕ್ಕಿಂತ ಮಿಗಿಲಾದ ಕಾರಣವಿದ್ದಿತು. ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಪ್ರತಿಯೊಂದು ತಂತ್ರಾಂಶಕ್ಕೂ ವಿಂಡೋಸ್, ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳು ಮೆಮೊರಿಯಲ್ಲಿ ಒಂದು ಕೊಠಡಿಯನ್ನು ಬಿಟ್ಟುಕೊಡುವುವು. ಒಂದರ ಕೊಠಡಿಗೆ ಇನ್ನೊಂದು ಕೈ ಹಾಕುವಂತಿಲ್ಲ. ಹೀಗೆ ತನ್ನದೇ ಕೊಠಡಿಯಲ್ಲಿ ನಡೆಯುತ್ತಿರುವ ತಂತ್ರಾಂಶಕ್ಕೆ ಪ್ರೋಸೆಸ್ ಎಂದು ಹೆಸರು. ಆಗಿನ ಬ್ರೌಸರುಗಳಲ್ಲಿ ಸಾಮಾನ್ಯವಾಗಿ ಎಲ್ಲ ಟ್ಯಾಬುಗಳೂ ಒಂದೇ ಕೊಠಡಿಯಲ್ಲಿ ಇರುತ್ತಿದ್ದುವು. ಒಂದು ಪುಟ ಕೆಟ್ಟು ಕುಸಿದರೆ ಉಳಿದುವೂ ಅದರೊಡನೆ ಕುಸಿಯುತ್ತಿದ್ದುವು. ಅರ್ಧ ಬರೆದ ಪತ್ರವು ಯಾವುದೋ ಆಟದ ಪುಟದ ತಪ್ಪಿನಿಂದ ಮಾಯವಾಗುತ್ತಿತ್ತು. ಪತ್ರದ ತಾಣಕ್ಕೆ ಬೇರೆ ಕೊಠಡಿಯನ್ನು ಕೊಟ್ಟರೆ ಆ ಅಪಾಯ ತಪ್ಪುವುದಷ್ಟೆ. ೨೦೦೮ರ ಸೆಪ್ಟೆಂಬರಿನಲ್ಲಿ ಬಂದ ಕ್ರೋಮ್ ಬ್ರೌಸರು ಟ್ಯಾಬುಗಳನ್ನೇ ಬೇರೆ ಬೇರೆ ಕೊಠಡಿಗಳಲ್ಲಿ ಇರಿಸುವ ಕ್ರಮವನ್ನು ತಂದಿತು. ಬೇಕಾದ ತಾಣವನ್ನು ಪ್ರತ್ಯೇಕ ಕಿಟಕಿಯಲ್ಲಿ ತೆರೆಯುವ ಸೌಕರ್ಯವೂ ಅದರೊಡನೆಯೇ ಬಂದಿತು. ಪ್ರಿಸಮ್ ೨೦೧೧ರಲ್ಲಿ ನಿಂತುಹೋಯಿತು. ಅದರ ಆಲೋಚನೆ ನಿಲ್ಲಲಿಲ್ಲ.

ಇಂದು ಈ ಕೆಲಸಕ್ಕೆ ಬೇರೆ ಸಾಧನವೇ ಬೇಕಾಗಿಲ್ಲ. ಕ್ರೋಮ್ ಬ್ರೌಸರಿನಲ್ಲಿ ತಾಣವನ್ನು ತೆರೆದು, ಬಲತುದಿಯ ಮೂರು ಚುಕ್ಕೆಗಳನ್ನು ಒತ್ತಿ, ಉಳಿಸುವುದಕ್ಕೂ ಹಂಚುವುದಕ್ಕೂ ಸಂಬಂಧಿಸಿದ ಪಟ್ಟಿಯೊಳಗೆ ಹೋದರೆ, ‘ಪುಟವನ್ನು ಆ್ಯಪ್ ಆಗಿ ಸ್ಥಾಪಿಸು’ ಎಂಬ ಅರ್ಥದ ಸಾಲು ಕಾಣುವುದು. ಎಡ್ಜ್ ಬ್ರೌಸರಿನಲ್ಲಿ ಇದು ‘ಆ್ಯಪ್ಸ್’ ಎಂಬ ಪಟ್ಟಿಯಲ್ಲಿದೆ. ಆ್ಯಪಲ್ ಕಂಪ್ಯೂಟರುಗಳ ಸಫಾರಿಯಲ್ಲಿ ೨೦೨೩ರಿಂದ ‘ಫೈಲ್’ ಪಟ್ಟಿಯ ಅಡಿಯಲ್ಲಿ ‘ಆ್ಯಡ್ ಟು ಡಾಕ್’ ಎಂಬ ಸಾಲು ಬಂದಿದೆ. ಫೈರ್‌ಫಾಕ್ಸಿನವರು ಬಹುಕಾಲ ಹಿಂಜರಿದು, ೨೦೨೫ರಲ್ಲಿ ವಿಂಡೋಸ್ ಕಂಪ್ಯೂಟರುಗಳಿಗೆ ಈ ಸೌಕರ್ಯವನ್ನು ಒದಗಿಸಿದರು. ಗುಂಡಿಗಳ ಜಾಗ ಆಗಾಗ ಬದಲಾಗುವುದುಂಟು, ಕೆಲಸ ಬದಲಾಗಿಲ್ಲ.

ಪುಟ್ಟದೊಂದು ಪರಿಚಯಪತ್ರ

ಹಾಗಾದರೆ ‘ಸ್ಥಾಪಿಸು’ ಎಂದಾಗ ಕಂಪ್ಯೂಟರಿನೊಳಕ್ಕೆ ಬರುವುದೇನು? ಇಡೀ ತಾಣವೇ ಬಂದು ಸೇರಿತೆಂದು ಭಾವಿಸಿದರೆ ನಿರಾಶೆಯಾದೀತು. ತಾಣದ ಒಡೆಯರು ಅಣಿಮಾಡಿದ್ದರೆ, ಮ್ಯಾನಿಫೆಸ್ಟ್ ಎಂಬ ಸಣ್ಣದೊಂದು ಫೈಲು ಅಲ್ಲಿ ಸಿದ್ಧವಾಗಿರುವುದು. ಹಡಗಿನಲ್ಲಿ ತುಂಬಿದ ಸರಕಿನ ಪಟ್ಟಿಗೆ ಈ ಪದವು ಹಿಂದಿನಿಂದಲೂ ಬಳಕೆಯಲ್ಲಿದೆ. ಇಲ್ಲಿ ಅದು ಕೆಲವೇ ಸಾಲುಗಳ ಪರಿಚಯಪತ್ರ. ಆ್ಯಪಿನ ಹೆಸರೇನು, ಐಕಾನು ಎಲ್ಲಿದೆ, ತೆರೆದೊಡನೆ ಯಾವ ವಿಳಾಸಕ್ಕೆ ಹೋಗಬೇಕು, ಕಿಟಕಿ ಹೇಗಿರಬೇಕು ಎಂಬಿಷ್ಟು ವಿವರ ಅದರಲ್ಲಿರುವುದು. ಬ್ರೌಸರು ಅದನ್ನು ಓದಿ, ಕಾರ್ಯಾಚರಣ ವ್ಯವಸ್ಥೆಗೆ ‘ಈ ಹೆಸರಿನವರೊಬ್ಬರು ಬಂದಿದ್ದಾರೆ’ ಎಂದು ಬರೆಸುವುದು. ಪರಿಚಯಪತ್ರವಿಲ್ಲದ ತಾಣಕ್ಕೆ ಬ್ರೌಸರು ತಾನೇ ಪುಟದ ಹೆಸರನ್ನೂ ಚಿಕ್ಕದೊಂದು ಚಿತ್ರವನ್ನೂ ಆರಿಸಿಕೊಳ್ಳುವುದು.

ಕಿಟಕಿ ಹೇಗಿರಬೇಕೆಂದು ಹೇಳುವ ಸಾಲಿನಲ್ಲಿ ಸ್ವಾರಸ್ಯವೊಂದಿದೆ. ಅಲ್ಲಿ ಬಹುಮಟ್ಟಿಗೆ ಬರೆಯುವ ಪದ ‘ಸ್ಟ್ಯಾಂಡ್‌ಅಲೋನ್’. ಪದಶಃ ಅರ್ಥಮಾಡಿದರೆ ‘ಒಂಟಿಯಾಗಿ ನಿಲ್ಲುವುದು’, ಯಾರ ಆಸರೆಯೂ ಬೇಡದ್ದು. ಆದರೆ ಇಲ್ಲಿ ಆ ಪದ ಹೇಳುವುದು ಇಷ್ಟೆ: ‘ವಿಳಾಸದ ಪಟ್ಟಿಯನ್ನೂ ಟ್ಯಾಬುಗಳನ್ನೂ ತೋರಿಸಬೇಡ.’ ಒಂಟಿಯಾಗಿ ನಿಂತಿರುವುದು ಕಿಟಕಿ, ಅದರೊಳಗಿನ ವಸ್ತುವಲ್ಲ. ಪುಟವನ್ನು ಸಿದ್ಧಪಡಿಸುವವನು ಈಗಲೂ ಅದೇ ಬ್ರೌಸರು, ವಿಧಾನವು ಬರುವುದು ಈಗಲೂ ಅದೇ ಸರ್ವರಿನಿಂದ.

ಗೋಡೆಯ ಮೇಲಿನ ವಿದ್ಯುದ್ದೀಪವನ್ನೂ ಕೈಯಲ್ಲಿ ಹಿಡಿಯುವ ಟಾರ್ಚನ್ನೂ ಹೋಲಿಸಿದರೆ ಇದು ಸ್ಪಷ್ಟವಾಗುವುದು. ಎರಡಕ್ಕೂ ಗುಂಡಿ ನಮ್ಮ ಕೈಯಲ್ಲಿಯೇ ಇದೆ; ಒತ್ತಿದರೆ ಎರಡೂ ಬೆಳಗುವುವು. ಆದರೆ ಗೋಡೆಯ ದೀಪದ ಶಕ್ತಿ ಬರುವುದು ಎಷ್ಟೋ ಮೈಲಿಗಳಾಚೆಯ ಉತ್ಪಾದನಾ ಕೇಂದ್ರದಿಂದ. ಟಾರ್ಚು ತನ್ನ ಶಕ್ತಿಯನ್ನು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿರುವುದು. ದೀಪಕ್ಕೆ ಅಂದವಾದ ಹೊಸ ಗುಂಡಿಯನ್ನು ಹಾಕಿಸಿದ ಮಾತ್ರಕ್ಕೆ ಅದು ಟಾರ್ಚಾಗದು. ತಾಣಕ್ಕೆ ಐಕಾನನ್ನು ಕೊಟ್ಟ ಮಾತ್ರಕ್ಕೆ ಅದು ನಮ್ಮ ಕಂಪ್ಯೂಟರಿನ ತಂತ್ರಾಂಶವಾಗದು.

ನಡುವೆ ನಿಂತ ಪರಿಚಾರಕ

ಆದರೂ ಗೋಡೆಯ ದೀಪಕ್ಕೆ ಸಂಚಯಕ ಬ್ಯಾಟರಿಯನ್ನು ಜೋಡಿಸಬಹುದಲ್ಲವೆ? ವಿದ್ಯುತ್ತು ಇದ್ದಾಗ ತುಂಬಿಸಿಕೊಂಡು, ಇಲ್ಲದಾಗ ಬೆಳಗಿಸಿಕೊಳ್ಳಬಹುದು. ಜಾಲತಾಣಗಳಿಗೂ ಅಂಥ ಏರ್ಪಾಡುಂಟು. ಅದರ ಹೆಸರು ಸರ್ವಿಸ್ ವರ್ಕರ್. ನಾವು ಅದನ್ನು ಪರಿಚಾರಕನೆನ್ನೋಣ.

ಪರಿಚಾರಕನೆಂದರೆ ಜಾವಾಸ್ಕ್ರಿಪ್ಟಿನಲ್ಲಿ ಬರೆದ ಒಂದು ಚಿಕ್ಕ ಕಾರ್ಯಕ್ರಮ. ನಾವು ಮೊದಲ ಸಲ ತಾಣಕ್ಕೆ ಹೋದಾಗ ಅದು ಬಂದು ಬ್ರೌಸರಿನಲ್ಲಿ ನೆಲೆಸುವುದು. ಮುಂದೆ ಬೇಕಾಗುವ ಪುಟಗಳನ್ನೂ ಚಿತ್ರಗಳನ್ನೂ ಒಂದು ಉಗ್ರಾಣದಲ್ಲಿ ಕೂಡಿಡುವುದು. ಅಂದಿನಿಂದ ಪುಟಕ್ಕೂ ಅಂತರಜಾಲಕ್ಕೂ ನಡುವೆ ಅದರ ಕಾವಲು. ಪುಟವು ಏನನ್ನು ಕೇಳಿದರೂ ಆ ಕೋರಿಕೆ ಮೊದಲು ಇವನ ಕೈಗೆ ಬರುವುದು. ಉಗ್ರಾಣದಲ್ಲಿ ಇದ್ದರೆ ಅಲ್ಲಿಂದಲೇ ತೆಗೆದುಕೊಡಬಹುದು. ಇಲ್ಲದಿದ್ದರೆ ಹೊರಗಿನಿಂದ ತರಿಸಬಹುದು. ಸಂಪರ್ಕವೇ ಇಲ್ಲದಿದ್ದರೆ ಹಳೆಯ ಪ್ರತಿಯನ್ನಾದರೂ ಒದಗಿಸಬಹುದು. ಯಾವ ಸಂದರ್ಭದಲ್ಲಿ ಏನು ಮಾಡಬೇಕೆಂಬುದನ್ನು ತಾಣವನ್ನು ರಚಿಸಿದವರು ಮೊದಲೇ ಬರೆದಿಟ್ಟಿರಬೇಕು. ಬರೆಯದಿದ್ದರೆ ಪರಿಚಾರಕನಿಲ್ಲ, ಪರಿಚಾರಕನಿಲ್ಲದ ಕಿಟಕಿಯು ಸಂಪರ್ಕ ಕಡಿದೊಡನೆ ಸಾಮಾನ್ಯವಾಗಿ ಬರಿದಾಗುವುದು.

ಎಲ್ಲ ಕೋರಿಕೆಗಳೂ ಒಬ್ಬನ ಕೈಯಿಂದಲೇ ಹಾದುಹೋಗುವಾಗ ಆತನು ನಂಬಿಕೆಗೆ ಅರ್ಹನಾಗಿರಬೇಕು. ದಾರಿಯಲ್ಲಿ ಯಾರಾದರೂ ಅವನನ್ನು ಬದಲಿಸಿ ತಮ್ಮವನನ್ನು ಕಳುಹಿಸಿದರೆ ಅನಾಹುತವಾದೀತು. ಆದುದರಿಂದಲೇ ಎಚ್‌ಟಿಟಿಪಿಎಸ್ ಎಂಬ, ಗೂಢಲಿಪಿಯಿಂದ ಭದ್ರಪಡಿಸಿದ ಸಂಪರ್ಕವುಳ್ಳ ತಾಣಗಳಿಗೆ ಮಾತ್ರವೇ ಬ್ರೌಸರುಗಳು ಪರಿಚಾರಕನನ್ನು ಇಟ್ಟುಕೊಳ್ಳಲು ಅನುಮತಿ ಕೊಡುವುವು.

ಪರಿಚಯಪತ್ರವೂ ಪರಿಚಾರಕನೂ ಕೂಡಿದ ತಾಣಗಳಿಗೆ ೨೦೧೫ರಲ್ಲಿ ಫ್ರಾನ್ಸಿಸ್ ಬೆರಿಮನ್ ಮತ್ತು ಅಲೆಕ್ಸ್ ರಸೆಲ್ ಎಂಬವರು ‘ಪ್ರೋಗ್ರೆಸ್ಸಿವ್ ವೆಬ್ ಆ್ಯಪ್’ ಎಂಬ ಹೆಸರನ್ನಿಟ್ಟರು. ಇದರ ದೊಡ್ಡ ಪ್ರಮಾಣದ ಮೊದಲ ಪ್ರಯೋಗಗಳಲ್ಲೊಂದು ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಫ್ಲಿಪ್‌ಕಾರ್ಟ್ ಕಂಪನಿಯು ೨೦೧೫ರ ಆದಿಭಾಗದಲ್ಲಿ ಫೋನುಗಳಿಗಾಗಿ ಇದ್ದ ತನ್ನ ಜಾಲತಾಣವನ್ನು ಮುಚ್ಚಿ, ಗಿರಾಕಿಗಳೆಲ್ಲರೂ ಆ್ಯಪನ್ನೇ ಹಾಕಿಕೊಳ್ಳಲೆಂದು ಬಯಸಿತು. ಆದರೆ ಅಗ್ಗದ ಫೋನು, ನಿಧಾನವಾದ ಸಂಪರ್ಕ, ಎಣಿಸಿ ಖರ್ಚು ಮಾಡಬೇಕಾದ ಡೇಟಾ ಇವುಗಳೊಡನೆ ಬದುಕುವ ಜನರು ನಮ್ಮ ದೇಶದಲ್ಲಿ ಕೋಟಿಗಟ್ಟಲೆ. ಅದೇ ವರ್ಷದ ನವೆಂಬರಿನಲ್ಲಿ ಕಂಪನಿಯು ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹೆಸರಿನಲ್ಲಿ ಈ ಹೊಸ ಬಗೆಯ ತಾಣವನ್ನು ತೆರೆಯಿತು. ಮುಚ್ಚಿದ ಬಾಗಿಲು ಒಂದೇ ವರ್ಷದೊಳಗೆ ಬೇರೊಂದು ರೂಪದಲ್ಲಿ ತೆರೆಯಿತೆನ್ನಬೇಕು.

ಬಾಣಸಿಗನನ್ನೇ ಹೊತ್ತು ತಂದವರು

ಇದುವರೆಗೆ ಹೇಳಿದ ಕಿಟಕಿಗಳೆಲ್ಲವೂ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಬ್ರೌಸರನ್ನು ಆಶ್ರಯಿಸಿದುವು. ಇನ್ನೊಂದು ಮಾರ್ಗವುಂಟು: ಬ್ರೌಸರಿನ ಯಂತ್ರಭಾಗವನ್ನೇ ತಾಣದೊಡನೆ ಗಂಟು ಕಟ್ಟಿ ಕೊಡುವುದು. ಅಡುಗೆಯ ವಿಧಾನದೊಡನೆ ಬಾಣಸಿಗನನ್ನೂ ಕಳುಹಿಸಿಕೊಟ್ಟಂತೆ.

ಈ ಮಾರ್ಗದಲ್ಲಿ ಹೆಸರಾದುದು ಎಲೆಕ್ಟ್ರಾನ್. ಗಿಟ್‌ಹಬ್ ಕಂಪನಿಯು ಆಟಮ್ ಎಂಬ ಬರವಣಿಗೆಯ ತಂತ್ರಾಂಶವನ್ನು ಜಾಲಪುಟದ ಭಾಷೆಗಳಲ್ಲಿಯೇ ರಚಿಸಲು ಹೊರಟಾಗ, ಅದಕ್ಕೆ ಒಂದು ಹೊರಕವಚ ಬೇಕಾಯಿತು. ೨೦೧೩ರಲ್ಲಿ ಮೊದಲಾದ ಆ ಕವಚಕ್ಕೆ ‘ಆಟಮ್ ಶೆಲ್’ ಎಂದು ಹೆಸರಿಟ್ಟರು. ೨೦೧೫ರಲ್ಲಿ ಅದನ್ನು ‘ಎಲೆಕ್ಟ್ರಾನ್’ ಎಂದು ಬದಲಿಸಿದರು. ಪರಮಾಣುವಿನ ಹೊರಕವಚದಲ್ಲಿ ಇರುವುದು ಎಲೆಕ್ಟ್ರಾನೆಂಬುದನ್ನು ಬಲ್ಲ ನಮ್ಮ ಓದುಗರಿಗೆ ಈ ಹೆಸರಿನ ಚಮತ್ಕಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟಮ್ ತಂತ್ರಾಂಶವನ್ನು ೨೦೨೨ರ ಡಿಸೆಂಬರಿನಲ್ಲಿ ನಿಲ್ಲಿಸಿಬಿಟ್ಟರು. ಪರಮಾಣು ಹೋಯಿತು, ಎಲೆಕ್ಟ್ರಾನ್ ಉಳಿಯಿತು! ವಿಷುಯಲ್ ಸ್ಟುಡಿಯೋ ಕೋಡ್, ಸ್ಲ್ಯಾಕ್, ಡಿಸ್ಕಾರ್ಡ್ ಮುಂತಾದ ಹೆಸರುವಾಸಿಯಾದ ತಂತ್ರಾಂಶಗಳು ಅದರ ಮೇಲೆ ಕಟ್ಟಿದುವೇ.

ಇದರ ಲಾಭ ಸ್ಪಷ್ಟ. ಬ್ರೌಸರಿನೊಳಗಿನ ಪುಟಕ್ಕೆ ನಮ್ಮ ಡಿಸ್ಕಿನ ಫೈಲುಗಳನ್ನು ಮನಬಂದಂತೆ ಮುಟ್ಟುವ ಅಧಿಕಾರವಿಲ್ಲ. ಎಲೆಕ್ಟ್ರಾನಿನ ಮೇಲೆ ಕಟ್ಟಿದ ತಂತ್ರಾಂಶಕ್ಕೆ ಅದುಂಟು. ನಮ್ಮ ಬರಹವನ್ನು ನಮ್ಮ ಡಿಸ್ಕಿನಲ್ಲಿಯೇ ಉಳಿಸಬಲ್ಲುದು. ನಷ್ಟವೂ ಅಷ್ಟೇ ಸ್ಪಷ್ಟ. ಎರಡು ಸಾಲು ತೋರಿಸುವ ತಂತ್ರಾಂಶವಾದರೂ ಇಡೀ ಬ್ರೌಸರನ್ನು ಹೊತ್ತಿರಬೇಕಾದುದರಿಂದ ಅದು ಡಿಸ್ಕಿನಲ್ಲಿ ನೂರು ಮೆಗಾಬೈಟಿಗೂ ಮೀರಿದ ಜಾಗವನ್ನು ಹಿಡಿಯುವುದು. ಇಂಥ ಐದು ತಂತ್ರಾಂಶಗಳಿದ್ದರೆ ಐವರು ಬಾಣಸಿಗರು ಒಂದೇ ಅಡುಗೆಮನೆಯಲ್ಲಿ ಐದು ಒಲೆ ಹೂಡಿದಂತೆ. ನಾಲ್ಕು ಗಿಗಾಬೈಟಿನ ಮೆಮೊರಿಯುಳ್ಳ ಹಳೆಯ ಕಂಪ್ಯೂಟರು ಅಲ್ಲಿಯೇ ಏದುಸಿರು ಬಿಡತೊಡಗುವುದು. ೨೦೨೨ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಟೌರಿ ಎಂಬ ಸಾಧನವು ಈ ಭಾರವನ್ನು ತಗ್ಗಿಸಲು ಯತ್ನಿಸಿದೆ. ಕಾರ್ಯಾಚರಣ ವ್ಯವಸ್ಥೆಯಲ್ಲಿ ಮೊದಲೇ ಇರುವ ಪುಟ ತೋರಿಸುವ ಯಂತ್ರಭಾಗವನ್ನೇ ಅದು ಬಳಸಿಕೊಳ್ಳುವುದರಿಂದ, ಅದರಿಂದ ಕಟ್ಟಿದ ಚಿಕ್ಕ ತಂತ್ರಾಂಶಗಳು ಕೆಲವೇ ಮೆಗಾಬೈಟುಗಳಲ್ಲಿ ಮುಗಿಯುವುವು.

ಯಾವ ತಾಣದ ವಿಳಾಸವನ್ನಾದರೂ ಕೊಟ್ಟರೆ ಒಂದೇ ಆಜ್ಞೆಯಲ್ಲಿ ಅದನ್ನು ಎಲೆಕ್ಟ್ರಾನಿನಲ್ಲಿ ಗಂಟು ಕಟ್ಟಿಕೊಡುವ ನೇಟಿವಿಫೈಯರ್ ಎಂಬ ಸಾಧನವೂ ಜನಪ್ರಿಯವಾಗಿತ್ತು. ೨೦೨೩ರಲ್ಲಿ ಅದರ ಬೆಳವಣಿಗೆ ನಿಂತಿತು. ಇದರಿಂದ ಕಲಿಯಬೇಕಾದುದೊಂದಿದೆ. ನಿತ್ಯ ಬಳಸುವ ಬ್ರೌಸರಿನಲ್ಲಿ ದೋಷ ಕಂಡುಬಂದರೆ ಅದನ್ನು ರಚಿಸಿದವರು ತಿದ್ದುಪಡಿಯನ್ನು ಕಳುಹಿಸುವರು. ಅದು ತಾನಾಗಿಯೇ ಬಂದು ಸೇರುವುದು. ಆದರೆ ಗಂಟಿನೊಳಗೆ ಕಟ್ಟಿದ ಬ್ರೌಸರು ಕಟ್ಟಿದ ದಿನದ ಬ್ರೌಸರಾಗಿಯೇ ಉಳಿಯುವುದು. ಯಾರಾದರೂ ಬಿಚ್ಚಿ ಹೊಸದಾಗಿ ಕಟ್ಟದ ಹೊರತು ಅದಕ್ಕೆ ತಿದ್ದುಪಡಿಯಿಲ್ಲ. ವರ್ಷಗಳ ಹಿಂದೆ ಕಟ್ಟಿದ ಅಂಥ ಗಂಟಿನಲ್ಲಿ ಬ್ಯಾಂಕಿನ ತಾಣವನ್ನು ತೆರೆಯುವುದು ತುಕ್ಕು ಹಿಡಿದ ಬೀಗವನ್ನು ನಂಬಿ ಮಲಗಿದಂತೆ.

ಮೂರು ಪ್ರಯೋಗಗಳು

ವಿಜ್ಞಾನದ ವಿದ್ಯಾರ್ಥಿಯು ಹೇಳಿದ್ದನ್ನು ನಂಬಿ ಸುಮ್ಮನಾಗಬಾರದು, ಪರೀಕ್ಷಿಸಿ ನೋಡಬೇಕು. ಇದಕ್ಕೆ ಬೇಕಾದ ಉಪಕರಣ ಕಂಪ್ಯೂಟರೊಂದೇ.

ಮೊದಲನೆಯ ಪ್ರಯೋಗ: ತಾಣವನ್ನು ಆ್ಯಪ್ ಆಗಿ ಸ್ಥಾಪಿಸಿ ಎರಡು ದಿನ ಬಳಸಿರಿ. ಆಮೇಲೆ ವೈಫೈಯನ್ನು ಆರಿಸಿ, ಆ್ಯಪನ್ನು ಮುಚ್ಚಿ, ತಿರುಗಿ ತೆರೆಯಿರಿ. ಏನು ಉಳಿದಿದೆ, ಏನು ಹೋಗಿದೆ ಎಂಬುದನ್ನು ಬರೆದುಕೊಳ್ಳಿರಿ. ಕೆಲವು ಬರಿಯ ‘ಸಂಪರ್ಕವಿಲ್ಲ’ ಎಂಬ ಮಾತನ್ನು ತೋರಿಸುವುವು. ಕೆಲವು ತಮ್ಮ ಗೋಡೆಬಾಗಿಲುಗಳನ್ನು ತೋರಿಸಿ ಒಳಗೆ ಖಾಲಿಯಾಗಿರುವುವು. ಕೆಲವೇ ಕೆಲವು ಮೊದಲಿನಂತೆ ಕೆಲಸ ಮಾಡುವುವು.

ಇದರೊಡನೆ ಒಂದು ಹೋಲಿಕೆಯನ್ನೂ ಮಾಡಬಹುದು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು ೨೦೦೨ರಲ್ಲಿ ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾನಿಲಯದಲ್ಲಿ ‘ಫೆಟ್’ ಎಂಬ ಯೋಜನೆಯನ್ನು ಆರಂಭಿಸಿದರು. ಲೋಲಕ, ವಿದ್ಯುನ್ಮಂಡಲ, ತರಂಗ ಮೊದಲಾದವನ್ನು ತೆರೆಯ ಮೇಲೆ ಆಡಿಸಿ ಕಲಿಯುವ ಅನುಕರಣ ಪ್ರಯೋಗಗಳು ಅದರಲ್ಲಿವೆ. ಈಗಿನ ಪ್ರಯೋಗಗಳನ್ನು ಒಂದೊಂದು ಫೈಲಾಗಿ ಇಳಿಸಿಕೊಳ್ಳಬಹುದು. ಆ ಫೈಲಿಗೆ ಸ್ವಂತ ಕಿಟಕಿಯಿಲ್ಲ, ಅಂದವಾದ ಐಕಾನಿಲ್ಲ. ತೆರೆದರೆ ಬ್ರೌಸರಿನ ಸಾಮಾನ್ಯ ಟ್ಯಾಬಿನಲ್ಲಿಯೇ ತೆರೆದುಕೊಳ್ಳುವುದು. ಆದರೆ ವೈಫೈ ಆರಿಸಿದರೂ ಲೋಲಕ ತೂಗುತ್ತಲೇ ಇರುವುದು. ವಿಧಾನವೆಲ್ಲವೂ ನಮ್ಮ ಡಿಸ್ಕಿನಲ್ಲಿದೆ, ಬಾಣಸಿಗನೂ ನಮ್ಮಲ್ಲಿದ್ದಾನೆ. ವೇಷವಿಲ್ಲದ ಇದೇ ನಿಜವಾಗಿ ಒಂಟಿಯಾಗಿ ನಿಲ್ಲಬಲ್ಲುದು. ವೇಷ ತೊಟ್ಟ ಎಷ್ಟೋ ಆ್ಯಪುಗಳು ನಿಲ್ಲಲಾರವು.

ಎರಡನೆಯ ಪ್ರಯೋಗ: ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ನಡೆಯುತ್ತಿರುವ ಪ್ರೋಸೆಸುಗಳೂ ಅವು ಹಿಡಿದಿರುವ ಮೆಮೊರಿಯೂ ಅಲ್ಲಿ ಕಾಣುವುವು. ಒಂದೇ ತಾಣವನ್ನು ಮೊದಲು ಟ್ಯಾಬಿನಲ್ಲಿ, ಬಳಿಕ ಸ್ಥಾಪಿಸಿದ ಕಿಟಕಿಯಲ್ಲಿ, ಕೊನೆಗೆ ಅದರದೇ ಎಲೆಕ್ಟ್ರಾನ್ ತಂತ್ರಾಂಶವಿದ್ದರೆ ಅದರಲ್ಲಿ ತೆರೆದು ಅಂಕಿಗಳನ್ನು ಹೋಲಿಸಿರಿ. ಬ್ರೌಸರು ಹೇಗೂ ತೆರೆದಿದ್ದರೆ ಮೊದಲ ಎರಡರ ನಡುವೆ ಹೆಚ್ಚಿನ ವ್ಯತ್ಯಾಸ ಕಾಣದು. ಮೂರನೆಯದು ತನ್ನ ಬಾಣಸಿಗನ ಕೂಲಿಯನ್ನೂ ಸೇರಿಸಿ ಕೇಳುವುದು.

ಮೂರನೆಯ ಪ್ರಯೋಗ ಎಲ್ಲಕ್ಕಿಂತ ಮುಖ್ಯವಾದುದು. ಟಿಪ್ಪಣಿ ಬರೆಯುವ ಆ್ಯಪಿನಲ್ಲಿ ಒಂದು ಸಾಲನ್ನು ಬರೆಯಿರಿ. ಅದೇ ತಾಣವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿರಿ. ಸಾಲು ಅಲ್ಲಿ ಕಂಡರೆ ಅದು ಸರ್ವರಿನಲ್ಲಿದೆ ಎಂದರ್ಥ. ಕಾಣದಿದ್ದರೆ ಅದು ನಿಮ್ಮ ಬ್ರೌಸರಿನ ಉಗ್ರಾಣದಲ್ಲಿ ಮಾತ್ರವೇ ಇರಬಹುದು. ಈ ಉಗ್ರಾಣದ ವಿಷಯದಲ್ಲಿ ಎಚ್ಚರಿಕೆ ಬೇಕು. ಕ್ರೋಮ್ ಮತ್ತು ಎಡ್ಜ್‌ಗಳಲ್ಲಿ ಸ್ಥಾಪಿಸಿದ ಆ್ಯಪೂ ಬ್ರೌಸರೂ ಒಂದೇ ಉಗ್ರಾಣವನ್ನು ಹಂಚಿಕೊಂಡಿರುವುವು. ಆದುದರಿಂದಲೇ ಬ್ರೌಸರಿನಲ್ಲಿ ಒಳಹೊಕ್ಕಿದ್ದರೆ ಆ್ಯಪಿನಲ್ಲಿ ಗುಪ್ತಪದವನ್ನು ತಿರುಗಿ ಕೇಳದು. ಆದುದರಿಂದಲೇ, ಜಾಗ ಸಾಲದೆಂದು ಯಾರಾದರೂ ಬ್ರೌಸರಿನಲ್ಲಿ ಕೂಡಿದ ತಾಣಗಳ ದತ್ತಾಂಶವನ್ನೆಲ್ಲ ಅಳಿಸಿದರೆ, ಆ್ಯಪಿನೊಳಗಿನ ಟಿಪ್ಪಣಿಯೂ ಅದರೊಡನೆ ಅಳಿಯುವುದು. ಐಕಾನು ಮಾತ್ರ ಏನೂ ಆಗದವರಂತೆ ಡೆಸ್ಕ್‌ಟಾಪಿನ ಮೇಲೆ ಕುಳಿತಿರುವುದು. ಸಫಾರಿಯ ಕ್ರಮ ಬೇರೆ: ಅದು ಆ್ಯಪಿಗೆ ಪ್ರತ್ಯೇಕ ಉಗ್ರಾಣವನ್ನು ಕೊಡುವುದು.

ವಿಳಾಸವಿಲ್ಲದ ಬಾಗಿಲು

ಚೌಕಟ್ಟನ್ನು ಕಳಚಿದಾಗ ಅದರೊಡನೆ ವಿಳಾಸದ ಪಟ್ಟಿಯೂ ಹೋಯಿತೆಂಬುದನ್ನು ಮರೆಯಬಾರದು. ನಾವು ಯಾರ ಮನೆಯಲ್ಲಿದ್ದೇವೆಂದು ಹೇಳುವ ಸಾಕ್ಷಿ ಅದೊಂದೇ. ಕಿಟಕಿಯು ತನ್ನ ತಾಣದ ಎಲ್ಲೆಯನ್ನು ದಾಟಿ ಬೇರೆಡೆಗೆ ಹೋದರೆ ಕ್ರೋಮ್ ಬ್ರೌಸರು ಹೊಸ ವಿಳಾಸವನ್ನು ಮೇಲ್ಗಡೆ ಬರೆದು ತೋರಿಸುವುದೇನೋ ನಿಜ. ಆದರೆ ಮೊದಲೇ ಮೋಸದ ತಾಣವನ್ನು ಸ್ಥಾಪಿಸಿಕೊಂಡಿದ್ದರೆ ಆ ಕಾವಲಿನಿಂದ ಫಲವಿಲ್ಲ. ಮೋಸಗಾರನು ತನ್ನ ಪುಟದ ಮೇಲೆ ಸುಳ್ಳು ವಿಳಾಸದ ಪಟ್ಟಿಯನ್ನೇ ಚಿತ್ರವಾಗಿ ಬರೆದಿಡಬಲ್ಲನು. ೨೦೨೪ರಲ್ಲಿ ಚೆಕ್ ಗಣರಾಜ್ಯದಲ್ಲಿ ಫೋನು ಬಳಸುವ ಬ್ಯಾಂಕ್ ಗ್ರಾಹಕರನ್ನು ಇಂಥ ವೇಷಧಾರಿ ಆ್ಯಪುಗಳಿಂದ ವಂಚಿಸಲು ನಡೆದ ಯತ್ನಗಳು ಬೆಳಕಿಗೆ ಬಂದುವು. ಆದುದರಿಂದ ಯಾರೋ ಕಳುಹಿಸಿದ ಕೊಂಡಿಯನ್ನು ಒತ್ತಿ ಸ್ಥಾಪಿಸಬಾರದು. ಬ್ರೌಸರಿನಲ್ಲಿ ವಿಳಾಸವನ್ನು ನಾವೇ ಬರೆದು, ಅಕ್ಷರ ಅಕ್ಷರವಾಗಿ ನೋಡಿಕೊಂಡು, ಆಮೇಲೆ ಸ್ಥಾಪಿಸಬೇಕು. ಕಿಟಕಿಗೆ ಚೌಕಟ್ಟಿಲ್ಲದಿದ್ದರೂ ಅದನ್ನು ಕೂರಿಸುವ ಮುನ್ನ ಗೋಡೆ ಯಾರದೆಂದು ತಿಳಿದಿರಬೇಕು.

ಇಷ್ಟೆಲ್ಲ ಹೇಳಿದುದು ಈ ಸೌಕರ್ಯವನ್ನು ಹೀಗಳೆಯಲ್ಲ. ಸಂತೆಯಿಂದ ಈಚೆಗೆ ಬಂದು ಒಂದೇ ಪಾಠದ ಮುಂದೆ ಕುಳಿತುಕೊಳ್ಳಲು ಅದು ನೆರವಾಗುವುದು. ಆ ಮಟ್ಟಿಗೆ ಅದು ಒಳ್ಳೆಯದೇ. ಆ್ಯಪ್ ಕೇಳುವ ‘ಸೂಚನೆಗಳನ್ನು ಕಳುಹಿಸಲೇ?’ ಎಂಬ ಪ್ರಶ್ನೆಗೆ ಬೇಡವೆಂದರೆ ಏಕಾಗ್ರತೆ ಇನ್ನಷ್ಟು ಉಳಿಯುವುದು. ಕಿಟಕಿಯಿಂದ ಆಗುವ ಕೆಲಸ ಇದು. ಕಿಟಕಿಯಿಂದ ಆಗದ ಕೆಲಸ ಒಂದಿದೆ. ಅದನ್ನು ನಾವೇ ಮಾಡಿಕೊಳ್ಳಬೇಕು.

ಗೂಗಲ್ ರೀಡರ್ ಎಂಬ ತಾಣವೊಂದಿತ್ತು. ಓದುಗನು ಆರಿಸಿಕೊಂಡ ನೂರಾರು ತಾಣಗಳ ಹೊಸ ಬರಹಗಳನ್ನು ಅದು ಒಂದೆಡೆ ತಂದಿಡುತ್ತಿತ್ತು. ೨೦೧೩ರ ಜುಲೈ ೧ರಂದು ಕಂಪನಿಯು ಅದನ್ನು ನಿಲ್ಲಿಸುವ ಗಡುವನ್ನು ಗೊತ್ತುಮಾಡಿತು. ಅದಕ್ಕೆ ಸ್ವಂತ ಕಿಟಕಿಯನ್ನೂ ಐಕಾನನ್ನೂ ಮಾಡಿಕೊಂಡಿದ್ದವರಿಗೂ, ಟ್ಯಾಬಿನಲ್ಲಿಯೇ ಓದುತ್ತಿದ್ದವರಿಗೂ ಆ ಗಡುವು ಒಂದೇ ಆಗಿತ್ತು. ಆದರೆ ಮುಚ್ಚುವ ಮೊದಲು ತಮ್ಮ ತಾಣಗಳ ಪಟ್ಟಿಯನ್ನು ಫೈಲಾಗಿ ಇಳಿಸಿಕೊಳ್ಳಲು ಓದುಗರಿಗೆ ಅವಕಾಶವಿದ್ದಿತು. ಹಾಗೆ ಇಳಿಸಿಕೊಂಡವರು ಆ ಪಟ್ಟಿಯನ್ನು ಬೇರೊಂದು ಸಾಧನಕ್ಕೆ ಕೊಟ್ಟು ಓದನ್ನು ಮುಂದುವರಿಸಿದರು.

ನಿಮಗೆ ಪ್ರಿಯವಾದ ತಾಣಕ್ಕೆ ಇಂದೇ ಒಂದು ಕಿಟಕಿಯನ್ನು ಮಾಡಿಕೊಳ್ಳಿರಿ. ಆದರೆ ಅದರ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ‘ಎಕ್ಸ್‌ಪೋರ್ಟ್’ ಅಥವಾ ‘ಡೌನ್‌ಲೋಡ್’ ಎಂಬ ಸಾಲು ಎಲ್ಲಿದೆಯೆಂದು ಹುಡುಕಿ, ತಿಂಗಳಿಗೊಮ್ಮೆ ನಿಮ್ಮ ಬರಹದ ಪ್ರತಿಯನ್ನು ನಿಮ್ಮ ಡಿಸ್ಕಿಗೆ ಇಳಿಸಿಕೊಂಡು, ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವುದನ್ನು ರೂಢಿಮಾಡಿಕೊಳ್ಳಿರಿ. ಅಂಥ ಸಾಲು ಎಲ್ಲಿಯೂ ಸಿಕ್ಕದಿದ್ದರೆ, ಆ ತಾಣದಲ್ಲಿ ಓದಿರಿ. ಬೆಲೆಬಾಳುವುದನ್ನು ಮಾತ್ರ ಬೇರೆ ಕಡೆ ಬರೆಯಿರಿ.